ಕ್ಲೇ ಅಚ್ಚು ಸರಿಯಾಗಿ ಮೂಡದಿದ್ದರೆ: ಮಕ್ಕಳ ಮುದ್ರಣಕ್ಕೊಂದು ದೋಷ ನಿವಾರಣೆ ಕೈಪಿಡಿ

ಕ್ಲೇ ಮುದ್ದೆಯನ್ನು ರೊಟ್ಟಿಯಂತೆ ತಟ್ಟಬೇಕು, ಕಡ್ಡಿಯಿಂದ ಚಿತ್ರ ಗೀರಬೇಕು, ಬಣ್ಣ ಹಚ್ಚಿ ಕಾಗದಕ್ಕೆ ಒತ್ತಬೇಕು. ಹೇಳಲು ಇಷ್ಟೇ ಇರುವ ಕೆಲಸವಿದು. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇದನ್ನು ಹಲವು ವರ್ಷಗಳಿಂದ ಮಾಡಿಸುತ್ತ ಬಂದಿದ್ದೇನೆ. ಮೊದಲ ಅಚ್ಚೇ ಚೆನ್ನಾಗಿ ಮೂಡಿದ ಮಗುವನ್ನು ಕಂಡದ್ದು ಬಹಳ ಕಡಿಮೆ. ಹಾಗೆ ಮೂಡದೆ ಹೋದಾಗ ಮಗುವಿನ ಮುಖ ಬಾಡುತ್ತದೆ. ಪಕ್ಕದಲ್ಲಿದ್ದ ದೊಡ್ಡವರು ಅಚ್ಚನ್ನು ಕೈಯಿಂದ ತೆಗೆದುಕೊಂಡು ತಾವೇ ತಿದ್ದಿ ಒತ್ತಿಕೊಡುತ್ತಾರೆ. ಇದನ್ನು ನೋಡುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಟ್ಟು ಬಂದ ಅಚ್ಚಿನಲ್ಲಿಯೇ ಅದು ಕೆಟ್ಟದ್ದೇಕೆ ಎಂಬ ಗುರುತು ಇರುತ್ತದೆ. ಏಳು ವರ್ಷದ ಮಗುವಿಗೂ ಅದನ್ನು ಓದಲು ಬರುತ್ತದೆ. ಆದ್ದರಿಂದ ಈ ಕೈಪಿಡಿಯನ್ನು ಮಗುವಿನ ಪಕ್ಕದಲ್ಲಿ ಕುಳಿತು, ಕೆಟ್ಟ ಅಚ್ಚನ್ನು ಎದುರಿಗೆ ಇಟ್ಟುಕೊಂಡು ಓದಿ.

ಏನನ್ನೂ ಬದಲಿಸುವ ಮೊದಲು ಮೂರು ಅಚ್ಚು

ಖರ್ಚಿಲ್ಲದ ಪರೀಕ್ಷೆಯಿದು. ಅಚ್ಚಿಗೆ ಬಣ್ಣ ಹಚ್ಚಿ ಒಂದು ಸಲ ಒತ್ತಿ, ಕಾಗದದ ಮೂಲೆಯಲ್ಲಿ 1 ಎಂದು ಬರೆಯಿರಿ. ಮತ್ತೆ ಬಣ್ಣ ಹಚ್ಚದೆ ಪಕ್ಕದಲ್ಲೇ ಇನ್ನೊಂದು ಸಲ ಒತ್ತಿ, 2 ಎಂದು ಬರೆಯಿರಿ. ಆಮೇಲೆ ಹೊಸದಾಗಿ ಬಣ್ಣ ಹಚ್ಚಿ ಮೂರನೆಯದನ್ನು ಒತ್ತಿ. ಈಗ ಮೂರನ್ನೂ ಒಟ್ಟಿಗೆ ನೋಡಿ.

1 ಮತ್ತು 3ರಲ್ಲಿ ಬಿಳಿ ಕಲೆ ಒಂದೇ ಜಾಗದಲ್ಲಿದ್ದರೆ ದೋಷ ಕ್ಲೇಯ ಮೇಲ್ಮೈಯಲ್ಲಿದೆ. ಕಲೆ ಒಂದೊಂದರಲ್ಲಿ ಒಂದೊಂದು ಕಡೆ ಇದ್ದರೆ ಬಣ್ಣ ಹಚ್ಚಿದ ಅಥವಾ ಒತ್ತಿದ ರೀತಿಯನ್ನು ನೋಡಬೇಕು. ಮೊದಲನೆಯದಕ್ಕಿಂತ ಎರಡನೆಯದೇ ಸ್ಪಷ್ಟವಾಗಿದ್ದರೆ ಬಣ್ಣ ಹೆಚ್ಚಾಗಿತ್ತು. ಮೂರೂ ಮಸುಕಾಗಿದ್ದರೆ ಬಣ್ಣವನ್ನೋ ಕಾಗದವನ್ನೋ ಸಂಶಯಿಸಬೇಕು. ಮುಕ್ಕಾಲು ಪಾಲು ತೊಂದರೆಗಳ ಮೂಲ ಇಷ್ಟರಲ್ಲೇ ಸಿಗುತ್ತದೆ. ದೀಪಾವಳಿಯ ಗೋಪೂಜೆಯಂದು ಜೇಡಿ ಕಲಸಿದ ನೀರಿಗೆ ಲೋಟದ ಬಾಯಿ ಅದ್ದಿ ದನದ ಮೈಮೇಲೆ ಉಂಗುರ ಒತ್ತುವುದನ್ನು ನೋಡಿರುವ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊದಲ ಉಂಗುರ ಸೋರಿ ಇಳಿಯುತ್ತದೆ, ಎರಡನೆಯದು ದುಂಡಗೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತೇ ಇರುತ್ತದೆ.

ಕೈಯಲ್ಲಿರುವುದು ಯಾವ ಬಗೆಯ ಕ್ಲೇ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಅಂಗಡಿಯಲ್ಲಿ ಪಟ್ಟಿಪಟ್ಟಿಯಾಗಿ ಸಿಗುವ ಬಣ್ಣದ ಕ್ಲೇ ಹೆಚ್ಚಾಗಿ ಎಣ್ಣೆ ಬೆರೆತದ್ದು. ಸಣ್ಣ ಡಬ್ಬಗಳಲ್ಲಿ ಬರುವ ಮೆತ್ತನೆಯದು ಹೆಚ್ಚಾಗಿ ಹಿಟ್ಟು, ಉಪ್ಪು, ನೀರು ಸೇರಿದ್ದು. ಮೂರನೆಯದು ಗದ್ದೆಯ ಆವೆಮಣ್ಣು. ಗೊತ್ತಾಗದಿದ್ದರೆ ಒಂದು ಗುಂಡನ್ನು ಕಾಗದದ ಮೇಲೆ ಒತ್ತಿ ಅರ್ಧ ಗಂಟೆ ಬಿಡಿ. ಜಿಡ್ಡಿನ ಕಲೆ ಮೂಡಿದರೆ ಎಣ್ಣೆಯ ಕ್ಲೇ. ಇನ್ನೊಂದು ಗುಂಡನ್ನು ನೀರಿಗೆ ಹಾಕಿ ನೋಡಿದರೆ ಹಿಟ್ಟಿನದು ಲೋಳೆಯಾಗುತ್ತದೆ, ಒಣಗಿದ ಆವೆಮಣ್ಣು ಕರಗಿ ಕುಸಿಯುತ್ತದೆ, ಎಣ್ಣೆಯದು ಹಾಗೆಯೇ ಕುಳಿತಿರುತ್ತದೆ. ಮುಂದಿನ ಪರಿಹಾರಗಳಲ್ಲಿ ಹಲವು ಈ ಭೇದವನ್ನು ಅವಲಂಬಿಸಿವೆ.

ಬಣ್ಣ ನಿಲ್ಲದೆ ಹನಿಗಟ್ಟುತ್ತಿದೆ

ಕೆಸುವಿನ ಎಲೆಯ ಮೇಲೆ ಮಳೆನೀರು ಉರುಳುವಂತೆ ಬಣ್ಣ ಅಚ್ಚಿನ ಮೇಲೆ ಗುಂಡುಗುಂಡಾಗಿ ಉರುಳುತ್ತಿದ್ದರೆ, ನಿಮ್ಮಲ್ಲಿರುವುದು ಎಣ್ಣೆಯ ಕ್ಲೇ, ಹಚ್ಚುತ್ತಿರುವುದು ನೀರಾದ ಬಣ್ಣ. ಎಣ್ಣೆಯ ಕ್ಲೇ ಹುಟ್ಟಿದ್ದೇ ಒಣಗದೆ ಉಳಿಯುವುದಕ್ಕಾಗಿ. ಇಂಗ್ಲೆಂಡಿನ ಬಾತ್ ನಗರದ ಕಲಾಶಿಕ್ಷಕ ವಿಲಿಯಂ ಹಾರ್ಬಟ್ ತನ್ನ ವಿದ್ಯಾರ್ಥಿಗಳಿಗಾಗಿ 1897ರಲ್ಲಿ ಪ್ಲಾಸ್ಟಿಸಿನ್ ತಯಾರಿಸಿದ್ದು ಈ ಉದ್ದೇಶದಿಂದಲೇ. ಒಣಗದಂತೆ ಕಾಯುವ ಆ ಜಿಡ್ಡೇ ನೀರನ್ನು ದೂರ ತಳ್ಳುತ್ತದೆ.

ಮೊದಲು ಬಣ್ಣಕ್ಕೆ ನೀರು ಬೆರೆಸುವುದನ್ನು ನಿಲ್ಲಿಸಿ. ಜಲವರ್ಣದ ಬಿಲ್ಲೆ ಈ ಕೆಲಸಕ್ಕೆ ಆಗುವುದಿಲ್ಲ. ಬಾಟಲಿಯ ಪೋಸ್ಟರ್ ಬಣ್ಣವನ್ನು ಹಾಗೆಯೇ ಬಳಸಿ. ಅದು ದೋಸೆ ಹಿಟ್ಟಿನಷ್ಟು ಮಂದವಾಗಿದ್ದರೆ ಸರಿ, ನೀರುಮಜ್ಜಿಗೆಯಂತಿದ್ದರೆ ನಿಲ್ಲದು. ಎರಡನೆಯದಾಗಿ, ಬಣ್ಣವನ್ನು ಕುಂಚದಿಂದ ಎಳೆಯದೆ ಸ್ಪಂಜಿನ ತುಂಡಿನಿಂದ ತಟ್ಟಿ ತಟ್ಟಿ ಹಚ್ಚಿ. ಕುಂಚದ ಎಳೆತಕ್ಕೆ ಬಣ್ಣ ಬದಿಗೆ ಸರಿದು ಚಡಿಗೆ ಇಳಿಯುತ್ತದೆ. ಸ್ಪಂಜಾದರೆ ಎತ್ತರದ ಭಾಗಕ್ಕಷ್ಟೇ ತಾಗುತ್ತದೆ.

ಆಗಲೂ ಹನಿಗಟ್ಟಿದರೆ ಅಚ್ಚಿನ ಮುಖವನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ, ಎರಡು ಚಮಚ ಬಣ್ಣಕ್ಕೆ ಪಾತ್ರೆ ತೊಳೆಯುವ ದ್ರವ ಸಾಬೂನಿನ ಒಂದೇ ಒಂದು ಹನಿ ಬೆರೆಸಿ. ಸಾಬೂನು ನೀರನ್ನೂ ಜಿಡ್ಡನ್ನೂ ಹೊಂದಿಸಿ ಕೂರಿಸುತ್ತದೆ. ಹೆಚ್ಚು ಹಾಕಿದರೆ ಇನ್ನೊಂದು ತೊಂದರೆ. ಅಚ್ಚಿನ ತುಂಬ ಸೂಜಿಮೊನೆಯಷ್ಟು ದುಂಡು ಬಿಳಿ ಚುಕ್ಕೆಗಳು ಕಂಡರೆ ಅದು ನೊರೆಯ ಗುಳ್ಳೆಗಳ ಗುರುತು. ಬಣ್ಣವನ್ನು ಹತ್ತು ನಿಮಿಷ ಅಲುಗಿಸದೆ ಇಡಿ, ನೊರೆ ಅಡಗುತ್ತದೆ.

ಬಣ್ಣ ಸುರಿದುಕೊಳ್ಳಲು ನಮ್ಮ ಕಡೆ ಕೈಗೆ ಮೊದಲು ಸಿಗುವುದು ಅಡಿಕೆ ಹಾಳೆಯ ತಟ್ಟೆ. ಅದು ಬಣ್ಣದ ನೀರನ್ನು ಮೆಲ್ಲಗೆ ಹೀರುತ್ತದೆ. ಮೊದಲ ಅಚ್ಚುಗಳು ಚೆನ್ನಾಗಿ ಬಂದು, ಆಮೇಲಿನವು ಒಣಒಣವಾಗಿ ತರಕಲಾಗಿ ಬರತೊಡಗಿದರೆ ತಟ್ಟೆಯನ್ನು ಬದಲಿಸಿ ಸ್ಟೀಲಿನದೋ ಟೈಲ್ಸ್ ತುಂಡೋ ಇಟ್ಟು ನೋಡಿ.

ಅಂಚು ಮೂಡಿದೆ, ನಡು ಬಿಳಿಯಾಗಿದೆ

ಅತಿ ಹೆಚ್ಚು ಕಾಣುವ ದೋಷ ಇದೇ. ಇದಕ್ಕೆ ಕಾರಣಗಳು ನಾಲ್ಕು. ಸುಲಭವಾದದ್ದರಿಂದ ಹೊರಡೋಣ.

ಮೊದಲ ಸಂಶಯ ಕಾಗದದ ಅಡಿಯಲ್ಲಿ ಏನಿದೆ ಎಂಬುದರ ಮೇಲೆ. ಗಟ್ಟಿ ಬೆಂಚಿನ ಮೇಲೆ ನೇರವಾಗಿ ಕಾಗದ ಹಾಸಿ ಒತ್ತಿದರೆ ಅಚ್ಚಿನ ತಗ್ಗು ಜಾಗಗಳಿಗೆ ಕಾಗದ ತಲುಪುವುದೇ ಇಲ್ಲ. ಹಳೆಯ ದಿನಪತ್ರಿಕೆಯ ಎಂಟು ಹತ್ತು ಹಾಳೆಗಳನ್ನು ಮಡಚದೆ ಅಡಿಯಲ್ಲಿ ಹಾಸಿ. ಆ ಮೆತ್ತೆಯಿಂದ ಕಾಗದ ಸ್ವಲ್ಪ ಬಗ್ಗಿ ಅಚ್ಚನ್ನು ಮುಟ್ಟುತ್ತದೆ. ಅರ್ಧಕ್ಕರ್ಧ ಮಕ್ಕಳ ತೊಂದರೆ ಇಲ್ಲಿಗೇ ಮುಗಿದದ್ದನ್ನು ನೋಡಿದ್ದೇನೆ.

ಎರಡನೆಯದು ಒತ್ತುವ ಕೈ. ಮಗು ಅಂಚನ್ನು ಹಿಡಿದು ಒತ್ತಿದರೆ ಅಂಚು ಮಾತ್ರ ಒತ್ತುತ್ತದೆ. ಅಂಗೈಯ ಬುಡವನ್ನು ನಡುವಿಗೆ ಇಟ್ಟು, ಐದು ಎಣಿಸುವವರೆಗೆ ಭಾರ ಹಾಕಲು ಹೇಳಿ. ಅಂಗೈಗಿಂತ ದೊಡ್ಡ ಅಚ್ಚಾದರೆ ಕ್ರಮವನ್ನೇ ತಿರುಗಿಸಿ. ಬಣ್ಣ ಹಚ್ಚಿದ ಕ್ಲೇ ಮೇಲ್ಮುಖವಾಗಿ ಮೇಜಿನ ಮೇಲಿರಲಿ, ಕಾಗದವನ್ನು ಅದರ ಮೇಲೆ ಹಾಸಿ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿನ ಕಡೆಗೆ ಉಜ್ಜಿ. ಸಣ್ಣ ಮಕ್ಕಳಿಗೆ ಈ ಕ್ರಮವೇ ಹೆಚ್ಚು ಒಗ್ಗುತ್ತದೆ. ಉಜ್ಜಿದಲ್ಲೆಲ್ಲ ಕಾಗದದ ಬೆನ್ನಿನ ಮೇಲೆ ಚಿತ್ರದ ಉಬ್ಬು ಕಾಣುವುದರಿಂದ, ಎಲ್ಲಿ ಉಳಿದಿದೆ ಎಂಬುದು ಮಗುವಿಗೇ ತಿಳಿಯುತ್ತದೆ.

ಮೂರನೆಯದು ಹಿಡಿಕೆ. ಹಿಡಿಯಲು ಅನುಕೂಲವಾಗಲೆಂದು ಮಕ್ಕಳು ಕ್ಲೇಯ ಬೆನ್ನನ್ನು ಚಿವುಟಿ ಮೇಲಕ್ಕೆ ಎಳೆಯುತ್ತಾರೆ. ಬೆನ್ನು ಮೇಲೆದ್ದಷ್ಟೂ ಮುಖದ ನಡು ಒಳಗೆ ಕುಸಿಯುತ್ತದೆ. ಅಚ್ಚನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮುಖಕ್ಕೆ ಅಡ್ಡಲಾಗಿ ಸ್ಕೇಲು ಇಟ್ಟು ನೋಡಿ. ಸ್ಕೇಲಿನ ಅಡಿಯಲ್ಲಿ ಬೆಳಕು ಕಂಡರೆ ಕುಸಿದಿದೆ ಎಂದೇ ಅರ್ಥ. ಚಿವುಟಿದ ಹಿಡಿಕೆಯನ್ನು ತೆಗೆದು, ಬೆನ್ನಿಗೆ ಮರದ ತುಂಡೊಂದನ್ನು ಒತ್ತಿ ಅಂಟಿಸಿ.

ನಾಲ್ಕನೆಯದು ಸ್ವಲ್ಪ ಸೂಕ್ಷ್ಮ, ಆದರೆ ಅರ್ಥವಾದರೆ ಮಕ್ಕಳಿಗೆ ಬಹಳ ಸಂತೋಷವಾಗುತ್ತದೆ. ಅಚ್ಚಿನಲ್ಲಿ ಗೀರಿದ ಗೆರೆಯ ಎರಡೂ ಬದಿಗೆ ತೆಳುವಾದ ಗಾಢ ರೇಖೆ ಇದೆ, ಅದರಾಚೆ ಬಿಳಿಯಾಗಿದೆ ಎಂದುಕೊಳ್ಳಿ. ನೇಗಿಲು ಸಾಗಿದಾಗ ಸಾಲಿನ ಎರಡು ಬದಿಗೂ ಮಣ್ಣು ಏಳುತ್ತದಲ್ಲ, ಹಾಗೆಯೇ ಕಡ್ಡಿ ಸಾಗಿದಾಗ ಕ್ಲೇ ಎರಡು ಬದಿಗೂ ಏರಿ ಕಟ್ಟುತ್ತದೆ. ಆ ಏರಿ ಕಾಗದವನ್ನು ಎತ್ತಿ ಹಿಡಿಯುವುದರಿಂದ ಉಳಿದ ಮೇಲ್ಮೈ ಕಾಗದಕ್ಕೆ ತಾಗುವುದಿಲ್ಲ. ಎಲೆಯನ್ನೋ ಗುಂಡಿಯನ್ನೋ ಒತ್ತಿ ಮಾಡಿದ ಅಚ್ಚಿನಲ್ಲೂ ಹೀಗಾಗುತ್ತದೆ. ಗೀರಿ ಮುಗಿದ ಮೇಲೆ ಅಚ್ಚನ್ನು ನುಣುಪು ಟೈಲ್ಸ್ ಮೇಲೆ ಬೋರಲು ಹಾಕಿ, ಬೆರಳ ತುದಿಗಳಿಂದ ಹಗುರವಾಗಿ ಒಮ್ಮೆ ತಟ್ಟಿ. ಏರಿ ಮಟ್ಟವಾಗುತ್ತದೆ, ಗೆರೆ ಉಳಿಯುತ್ತದೆ. ಜೋರಾಗಿ ತಟ್ಟಿದರೆ ಗೆರೆಯೂ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅದೇ ಜಾಗದಲ್ಲಿ ಬಿಳಿ ಉಳಿದರೆ ಆ ಅಚ್ಚಿನ ಜೊತೆ ಹೆಣಗಬೇಡಿ. ಕ್ಲೇಯನ್ನು ಮತ್ತೆ ನಾದಿ, ಲಟ್ಟಣಿಗೆಯಿಂದ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಒತ್ತಿ, ಟೈಲ್ಸ್‌ಗೆ ತಾಗಿದ ಮುಖವನ್ನೇ ಚಿತ್ರಕ್ಕೆ ಆರಿಸಿಕೊಳ್ಳಿ. ಆ ಮುಖ ಲಟ್ಟಿಸಿದ ಮುಖಕ್ಕಿಂತ ಸಮವಾಗಿರುತ್ತದೆ. ಲಟ್ಟಣಿಗೆಗೆ ಕ್ಲೇ ತಾಗಿದ ಮೇಲೆ ಅದನ್ನು ಚಪಾತಿಗೆ ಮತ್ತೆ ಬಳಸುವುದು ಬೇಡ, ಈ ಕೆಲಸಕ್ಕೆ ಬೇರೆ ಇಟ್ಟುಕೊಳ್ಳಿ. ಗಾಜಿನ ಬಾಟಲಿ ಒಡೆಯುವ ಭಯವಿರುವುದರಿಂದ ಮಕ್ಕಳ ಕೈಗೆ ಪಿವಿಸಿ ಪೈಪಿನ ತುಂಡು ಒಳ್ಳೆಯದು.

ಗೆರೆಗಳು ಮುಚ್ಚಿಹೋಗಿ ಬಣ್ಣದ ಮುದ್ದೆ ಮಾತ್ರ ಮೂಡಿದೆ

ಎರಡನೇ ಅಚ್ಚು ಮೊದಲನೆಯದಕ್ಕಿಂತ ಚೆನ್ನಾಗಿತ್ತೇ? ಹಾಗಿದ್ದರೆ ಬಣ್ಣ ಕಡಿಮೆ ಮಾಡಿ. ಸ್ಪಂಜನ್ನು ಬಣ್ಣಕ್ಕೆ ಅದ್ದಿದ ಮೇಲೆ ಹಳೆ ಕಾಗದಕ್ಕೆ ಎರಡು ಸಲ ತಟ್ಟಿ, ಆಮೇಲೆ ಅಚ್ಚಿಗೆ ಬನ್ನಿ. ಎರಡನೆಯದೂ ಮುಚ್ಚಿಹೋಗಿದ್ದರೆ ಗೆರೆಯೇ ಆಳವಿಲ್ಲ. ಬೆಂಕಿಕಡ್ಡಿಯಷ್ಟು ಅಗಲ, ಮೂರು ಮಿಲಿಮೀಟರ್ ಆಳ ಇದ್ದರೆ ಗೆರೆ ಉಳಿಯುತ್ತದೆ. ಹಿಡಿಸೂಡಿಯ (ತೆಂಗಿನ ಕಡ್ಡಿಯ ಪೊರಕೆಯ) ಕಡ್ಡಿಯ ತೆಳು ತುದಿಯಿಂದ ಗೀರಿದರೆ ಗೆರೆ ಕಣ್ಣಿಗೆ ಕಾಣುತ್ತದೆ, ಆದರೆ ಅಚ್ಚಿಗೆ ಬರುವುದಿಲ್ಲ. ಅದೇ ಕಡ್ಡಿಯ ಬುಡದ ಕಡೆ ಬಳಸಿದರೆ ಸಾಕು.

ಹೆಸರು ಅಚ್ಚು ಮಾಡುವಾಗ ಈ ದೋಷ ಹೆಚ್ಚಾಗಿ ಕಾಡುತ್ತದೆ. ನಮ್ಮ ಅಕ್ಷರಗಳ ಒಳಗೆಲ್ಲ ಸಣ್ಣ ಸಣ್ಣ ಸೊನ್ನೆಗಳಿವೆ, ಕೆಳಗೆ ಒತ್ತಕ್ಷರಗಳಿವೆ. ಅವು ಮೊದಲು ಮುಚ್ಚಿಕೊಳ್ಳುತ್ತವೆ. ಒಂದು ಅಕ್ಷರಕ್ಕೆ ನಾಲ್ಕು ಸೆಂಟಿಮೀಟರ್ ಎತ್ತರವಾದರೂ ಕೊಡಿ. ಇಡೀ ಹೆಸರಿನ ಬದಲು ಮೊದಲ ಅಕ್ಷರವೊಂದನ್ನೇ ಮಾಡಿಸುವುದು ನನ್ನ ರೂಢಿ.

ಗೀರಿದ್ದು ಬಿಳಿಯಾಗಿದೆ, ಅಕ್ಷರ ತಿರುಗಿದೆ

ಇವೆರಡೂ ದೋಷಗಳಲ್ಲ. ಮುದ್ರಣದ ಸ್ವಭಾವವೇ ಹೀಗೆ. ಆದರೆ ಮಗುವಿಗೆ ಮೊದಲೇ ಹೇಳದಿದ್ದರೆ ದೋಷವೆಂದೇ ಅನಿಸುತ್ತದೆ. ಎತ್ತರದ ಭಾಗ ಬಣ್ಣ ಹಿಡಿಯುತ್ತದೆ, ಗೀರಿದ ತಗ್ಗು ಬಿಳಿಯಾಗಿ ಉಳಿಯುತ್ತದೆ. ಗೆರೆಗೇ ಬಣ್ಣ ಬೇಕೆಂದಿದ್ದರೆ ಗೀರುವ ಬದಲು ಕ್ಲೇಯನ್ನು ಶ್ಯಾವಿಗೆಯಂತೆ ಹೊಸೆದು, ಚಪ್ಪಟೆ ತುಂಡಿನ ಮೇಲೆ ಅಂಟಿಸಿ ಚಿತ್ರ ಬಿಡಿಸಬೇಕು. ಅಂಟಿಸಿದ ಎಳೆಗಳೆಲ್ಲ ಒಂದೇ ದಪ್ಪವಿರಲಿ.

ಅಕ್ಷರದ ವಿಷಯದಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ, "ಟೀಚರ್, ಮಲಯಾಳದ ಠ ತಿರುಗುವುದೇ ಇಲ್ಲ!" ಎಂದು ಕೂಗಿದ್ದಳು. ನಿಜ, ಅಲ್ಲಿ ಆ ಅಕ್ಷರ ಬರೀ ವೃತ್ತ. ನಮ್ಮ ಠಕ್ಕೆ ಒಳಗೊಂದು ಚುಕ್ಕೆ, ಮೇಲೊಂದು ತಲೆಕಟ್ಟು. ಎರಡೂ ಲಿಪಿಗಳನ್ನು ಕಲಿಯುವ ನಮ್ಮ ಮಕ್ಕಳು ಯಾವ ಅಕ್ಷರ ತಿರುಗಿದರೆ ತಿಳಿಯುತ್ತದೆ, ಯಾವುದು ತಿಳಿಯದು ಎಂದು ಅಂದು ಒಂದು ಗಂಟೆ ಹುಡುಕಿದರು. ಆ ದಿನದ ಪಾಠ ಬೇರೆ ಏನಿತ್ತೆಂಬುದು ನನಗೂ ನೆನಪಿಲ್ಲ, ಅವರಿಗೂ ನೆನಪಿರಲಾರದು.

ತಿರುಗಿಸಿ ಬರೆಯಲು ಮಗುವನ್ನು ಒತ್ತಾಯಿಸಬೇಕಾಗಿಲ್ಲ. ತೆಳು ಕಾಗದದಲ್ಲಿ ಪೆನ್ನಿನಿಂದ ದಪ್ಪಗೆ ಸರಿಯಾಗಿಯೇ ಬರೆಯಲಿ. ಕಾಗದವನ್ನು ಮಗುಚಿ ಕ್ಲೇಯ ಮೇಲೆ ಇಟ್ಟರೆ ಹಿಂದಿನಿಂದ ಅಕ್ಷರ ತಿರುಗಿ ಕಾಣುತ್ತದೆ. ಅದರ ಮೇಲೆಯೇ ಕಡ್ಡಿಯಿಂದ ಒತ್ತಿ ತಿದ್ದಿದರೆ ಕ್ಲೇಗೆ ಗುರುತು ಬೀಳುತ್ತದೆ.

ಎರಡೆರಡು ಗೆರೆ, ಕದಡಿದ ಅಂಚು

ಒತ್ತಿದ ಮೇಲೆ ಅಚ್ಚು ಜರುಗಿದೆ ಅಥವಾ ತಿರುಚಿಕೊಂಡಿದೆ. ಕಾಗದದ ಮೂಲೆಗಳನ್ನು ಅಂಟುಪಟ್ಟಿಯಿಂದ ಮೇಜಿಗೆ ಬಿಗಿಯಿರಿ. ಅಚ್ಚನ್ನು ಎತ್ತುವಾಗ ಒಂದು ಕೈ ಕಾಗದದ ಮೇಲಿರಲಿ, ಒಂದು ಬದಿಯಿಂದ ಬಾಗಿಲು ತೆರೆಯುವಂತೆ ಎತ್ತಲಿ. ಆಗಲೂ ಕದಡಿದರೆ ಕಾಗದವನ್ನು ನೋಡಿ. ಕ್ಯಾಲೆಂಡರಿನ ಮಿರುಗುವ ಹಾಳೆ ಬಣ್ಣವನ್ನು ಹೀರದಿರುವುದರಿಂದ ಅದರ ಮೇಲೆ ಅಚ್ಚು ಜಾರುತ್ತದೆ. ಅದರ ಹಿಂಬದಿ ಒರಟಾಗಿದ್ದರೆ ಅದನ್ನೇ ಬಳಸಬಹುದು.

ಕಾಗದ ಅಂಟಿಕೊಂಡು ಹರಿಯುತ್ತದೆ

ಬಣ್ಣ ಹಚ್ಚಿ ಒತ್ತುವವರೆಗೆ ಎಷ್ಟು ಹೊತ್ತಾಯಿತು ಎಂದು ಮೊದಲು ಕೇಳಿ. ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನಿನ ಅಡಿಯಲ್ಲಿ ಪೋಸ್ಟರ್ ಬಣ್ಣ ಎರಡು ಮೂರು ನಿಮಿಷದಲ್ಲೇ ಅಂಟಂಟಾಗುತ್ತದೆ. ಅಕ್ರಿಲಿಕ್ ಬಣ್ಣ ಇನ್ನೂ ಬೇಗ. ಫ್ಯಾನ್ ನಿಲ್ಲಿಸಿ, ಬಣ್ಣ ಹಚ್ಚಿದ ಕೂಡಲೇ ಒತ್ತಿಸಿ. ಹರಿಯುತ್ತಿರುವುದು ದಿನಪತ್ರಿಕೆಯಂತಹ ತೆಳು ಕಾಗದವಾದರೆ ಡ್ರಾಯಿಂಗ್ ಹಾಳೆಗೆ ಬದಲಾಯಿಸಿ. ಇವೆರಡೂ ಕಾರಣವಲ್ಲದೆ, ಬಣ್ಣವಿಲ್ಲದ ಕ್ಲೇಯೇ ಕೈಗೆ ಮೆತ್ತಿಕೊಳ್ಳುತ್ತಿದ್ದರೆ ಹಿಟ್ಟಿನ ಕ್ಲೇಗೆ ನೀರು ಹೆಚ್ಚಾಗಿದೆ. ಒಣ ಮೈದಾವನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ ನಾದಿ.

ನಾಲ್ಕಾರು ಅಚ್ಚುಗಳ ನಂತರ ಚಿತ್ರವೇ ಸಪಾಟಾಗುತ್ತದೆ

ಎಣ್ಣೆಯ ಕ್ಲೇ ಬಿಸಿಗೆ ಮೆತ್ತಗಾಗುತ್ತದೆ. ಮಗುವಿನ ಅಂಗೈಯ ಬಿಸಿಯೇ ಅದಕ್ಕೆ ಸಾಕು, ಮೇಲೆ ನಮ್ಮ ಬೇಸಿಗೆಯ ಸೆಕೆಯೂ ಸೇರುತ್ತದೆ. ಅಂಚು ಹೊರಗೆ ಹರಡಿದೆ, ಗೆರೆ ಕಿರಿದಾಗಿದೆ ಎಂದರೆ ಇದೇ ಕಾರಣ. ಚಿತ್ರ ಗೀರಿದ ಅಚ್ಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಹದಿನೈದು ನಿಮಿಷ ಇಡಿ. ಫ್ರಿಜ್ ಇಲ್ಲದ ತರಗತಿಯಲ್ಲಿ ನಾವು ಕುಡಿಯುವ ನೀರಿನ ಮಣ್ಣಿನ ಮಡಕೆಗೆ ಹೊರಗಿನಿಂದ ಆನಿಸಿ ಇಡುತ್ತೇವೆ. ಇಬ್ಬರು ಮಕ್ಕಳಿಗೆ ಎರಡೆರಡು ಅಚ್ಚು ಇದ್ದರೆ ಒಂದು ತಣಿಯುವಾಗ ಇನ್ನೊಂದನ್ನು ಒತ್ತಬಹುದು.

ಇದಕ್ಕೆ ತದ್ವಿರುದ್ಧವಾಗಿ, ಹಳೆಯ ಕ್ಲೇ ಕಲ್ಲಿನಂತಾಗಿ ಗೀರಲು ಬಾರದಿದ್ದರೆ ಚೀಲದಲ್ಲಿ ಹಾಕಿ ಅಂಗಳದ ಬಿಸಿಲಿಗೆ ಹತ್ತು ನಿಮಿಷ ಇಟ್ಟು ನಾದಿ. ಒಲೆಯ ಮೇಲೆ ಎಂದಿಗೂ ಬಿಸಿ ಮಾಡಬೇಡಿ. ಕರಗಿದ ಕ್ಲೇ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಬಿರುಕು

ಎಣ್ಣೆಯ ಕ್ಲೇಯಲ್ಲಿ ಬಿರುಕು ಅಪರೂಪ. ಹಿಟ್ಟಿನದು ಬಿರಿದರೆ ಒಣಗಿದೆ ಎಂದರ್ಥ. ಬೆರಳನ್ನು ನೀರಿಗೆ ಅದ್ದಿ ಸವರಿ, ಕೆಲಸದ ನಡುವೆ ಒದ್ದೆಬಟ್ಟೆ ಮುಚ್ಚಿಡಿ. ಆವೆಮಣ್ಣು ಬಿರಿದರೆ ಒಳಗೆ ಕಲ್ಲು ಕಸ ಇದೆಯೇ ಎಂದು ಹಿಸುಕಿ ನೋಡಿ. ಗುಡ್ಡದ ಕೆಂಪುಮಣ್ಣು ಈ ಕೆಲಸಕ್ಕೆ ಬಾರದು, ಅದರ ಹರಳು ಗೆರೆಯನ್ನು ಒಡೆಯುತ್ತದೆ. ಬೈಲಿನ ಗದ್ದೆಯ ಅಡಿಯಲ್ಲಿ ಸಿಗುವ ಬೂದುಬಣ್ಣದ ಅಂಟುಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿನೀರು ಬಸಿದು ಬಳಸಿ. ಅದರಿಂದ ಬೆರಳ ಗೆರೆಗಳೂ ಮೂಡುವಷ್ಟು ನಯವಾದ ಅಚ್ಚು ಬರುತ್ತದೆ. ಅಚ್ಚಿನಲ್ಲಿ ತನ್ನ ಹೆಬ್ಬೆರಳ ಸುಳಿ ಕಂಡ ಮಗು ಅದನ್ನು ತಪ್ಪೆಂದು ಅಳಿಸಹೊರಟರೆ ತಡೆಯಿರಿ. ಅಷ್ಟು ಸಣ್ಣ ಗೆರೆ ಮೂಡಿದೆ ಎಂದರೆ ಬಣ್ಣವೂ ಒತ್ತೂ ಹದವಾಗಿವೆ.

ಜೂನ್ ನಂತರದ ತೊಂದರೆಗಳು

ಶಾಲೆ ತೆರೆಯುವ ಹೊತ್ತಿಗೇ ಇಲ್ಲಿ ಮಳೆ ಹಿಡಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರಿನಲ್ಲಿ ಆಗಸ್ಟ್ ನಡುವಿಗೆ ಮುಗಿಯುವ ತುಳುವರ ಆಟಿ ತಿಂಗಳು ಕಳೆಯುವವರೆಗೆ ಕಾಗದವೂ ತೇವ, ಗಾಳಿಯೂ ತೇವ. ಬೇಸಿಗೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ಒಣಗುತ್ತಿದ್ದ ಅಚ್ಚು ಮರುದಿನವೂ ಕೈಗೆ ಅಂಟುತ್ತದೆ. ಒಂದರ ಮೇಲೊಂದು ಇಟ್ಟರೆ ಎಲ್ಲವೂ ಹಾಳು. ತರಗತಿಯ ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವಂತೆ ಕ್ಲಿಪ್ ಹಾಕಿ ತೂಗಿಸಿ, ಬಣ್ಣವನ್ನು ಎಂದಿಗಿಂತ ತೆಳುವಾಗಿ ಹಚ್ಚಿಸಿ. ಕಾಗದ ಸುರುಳಿ ಸುತ್ತಿಕೊಂಡರೆ ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಇಡಿ.

ಹಿಟ್ಟಿನ ಕ್ಲೇಯಲ್ಲಿ ಹುಳಿವಾಸನೆ ಬಂದರೆ, ಕಪ್ಪು ಅಥವಾ ಹಸಿರು ಚುಕ್ಕೆ ಕಂಡರೆ ಅದು ಬೂಸ್ಟು. ಚುಕ್ಕೆಯಷ್ಟನ್ನೇ ಚಿವುಟಿ ತೆಗೆದು ಉಳಿದದ್ದನ್ನು ನಾದಿ ಬಳಸುವುದು ತಪ್ಪು. ಕಣ್ಣಿಗೆ ಕಾಣದ ಬೂಸ್ಟು ಒಳಗೂ ಹರಡಿರುತ್ತದೆ. ಪೂರ್ತಿ ಎಸೆಯಿರಿ. ಮನೆಯಲ್ಲಿ ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಚಮಚ ಎಣ್ಣೆ, ಹದಕ್ಕೆ ನೀರು ಸೇರಿಸಿ ಕಲಸಿದ್ದನ್ನು ಮಳೆಗಾಲದಲ್ಲಿ ನಾನು ಎರಡು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಕ್ಲೇ ತಾನಾಗಿಯೇ ಬೆವರುವುದೂ ಉಂಟು.

ವಾರ ಕಳೆದ ಮೇಲೆ ಅಚ್ಚಿನ ಸುತ್ತ ಹಳದಿ ಜಿಡ್ಡಿನ ವೃತ್ತ ಕಂಡರೆ ಅದು ಎಣ್ಣೆಯ ಕ್ಲೇ ಬಿಟ್ಟ ಕಲೆ. ಮೂಡಿದ ಮೇಲೆ ತೆಗೆಯಲಾಗದು. ಮುಂದಿನ ಸಲ ಒತ್ತಿದ ತಕ್ಷಣ ಕಾಗದವನ್ನು ಬಿಡಿಸಿ, ಅಚ್ಚನ್ನು ಕಾಗದದ ಮೇಲೆಯೇ ಬಿಟ್ಟು ಊಟಕ್ಕೆ ಹೋಗಬೇಡಿ.

ಇಲ್ಲಿ ನಿಲ್ಲಿಸಿ

ಈ ಭಾಗದಲ್ಲಿ ಪ್ರಯೋಗಕ್ಕೆ ಜಾಗವಿಲ್ಲ.

ಹಿಟ್ಟಿನ ಕ್ಲೇ ನೋಡಲು ತಿಂಡಿಯಂತಿರುತ್ತದೆ, ಆದರೆ ಅದರಲ್ಲಿರುವ ಉಪ್ಪು ಬಹಳ. ನಾಲಗೆಗೆ ತಾಗಿದಷ್ಟಕ್ಕೆ ಬಾಯಿ ಮುಕ್ಕಳಿಸಿದರೆ ಸಾಕು. ಮಗು ದೊಡ್ಡ ತುಂಡು ನುಂಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಅತಿಯಾದ ಬಾಯಾರಿಕೆ, ವಾಂತಿ, ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮನೆಯ ನಾಯಿಗೂ ಇದು ಅಪಾಯ, ಉಳಿದದ್ದನ್ನು ಅಂಗಳಕ್ಕೆ ಎಸೆಯಬೇಡಿ. ಮೂರು ವರ್ಷದೊಳಗಿನ ಮಕ್ಕಳಿಗೆ ಸಣ್ಣ ತುಂಡುಗಳನ್ನು ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೂಗಿನೊಳಗೆ ಕ್ಲೇ ತುರುಕಿಕೊಂಡರೆ ಪಿನ್ನು, ಚಿಮುಟದಿಂದ ಕೆದಕಬೇಡಿ. ಮೆತ್ತನೆಯ ಕ್ಲೇ ಇನ್ನೂ ಒಳಗೆ ಹೋಗುತ್ತದೆ. ಮಗು ಹೇಳದೆ ಮುಚ್ಚಿಟ್ಟಿರಲೂಬಹುದು. ಕೆಲವು ದಿನಗಳ ನಂತರ ಒಂದೇ ಹೊಳ್ಳೆಯಿಂದ ದುರ್ನಾತದ ಸಿಂಬಳ ಬರುತ್ತಿದ್ದರೆ ಕ್ಲೇಯ ಕೆಲಸ ಮಾಡಿದ್ದನ್ನು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಕಿವಿಗೆ ಹೋದರೂ ಎಣ್ಣೆ, ನೀರು ಹಾಕದೆ ವೈದ್ಯರಿಗೇ ತೋರಿಸಿ.

ಬೇಸಿಗೆ ರಜೆಯ ಶಿಬಿರಗಳಲ್ಲಿ ಹಸಿ ಗೇರುಬೀಜದ ಬಗ್ಗೆ ಕಣ್ಣಿಟ್ಟಿರಿ. ಅದರ ಆಕಾರ ಚೆಂದವೆಂದು ಮಕ್ಕಳು ಕ್ಲೇಗೆ ಒತ್ತಲು ತರುತ್ತಾರೆ. ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಜಜ್ಜಿದ ಬೀಜ ಮುಟ್ಟಿ ಬೆರಳ ತುದಿ ಸುಲಿದುಕೊಂಡ ಹುಡುಗನ ಕೈಯನ್ನು ನಾನು ನೋಡಿದ್ದೇನೆ, ಅಂದಿನಿಂದ ಗೇರುಬೀಜ ನಮ್ಮ ಮೇಜಿಗೆ ಬರುವುದಿಲ್ಲ. ಕೆಸುವಿನ ಎಲೆಯನ್ನು ಉಪಮೆಗಷ್ಟೇ ಉಳಿಸಿಕೊಳ್ಳಿ, ಅದರ ರಸ ತುರಿಸುತ್ತದೆ. ಒತ್ತಲು ಹಲಸಿನ ಎಲೆಯ ನರಗಳು, ಅಡಿಕೆ ಸಿಪ್ಪೆಯ ನಾರು, ತೆಂಗಿನ ಗರಿ, ಗೆರಟೆಯ ಅಂಚು ಧಾರಾಳವಾಗಿ ಸಾಕು.

ಕ್ಲೇ ಮುಟ್ಟಿದ ಕೈಯಲ್ಲಿ ಕೆಂಪು ದದ್ದು ಎದ್ದರೆ ತೊಳೆದು ನಿಲ್ಲಿಸಿ. ಗೋಧಿ ಒಗ್ಗದ ಮಗುವಿಗೆ ಮೈದಾದ ಕ್ಲೇ ಬೇಡ, ಎಣ್ಣೆಯದನ್ನೋ ಆವೆಮಣ್ಣನ್ನೋ ಕೊಡಿ. ಬಣ್ಣ ನೀರಿನಲ್ಲಿ ಕರಗುವ, ಮಕ್ಕಳಿಗೆಂದೇ ತಯಾರಿಸಿದ್ದಾಗಿರಲಿ. ಗೋಡೆಗೆ ಬಳಿದು ಉಳಿದ ಪೇಂಟ್, ಬಟ್ಟೆಗೆ ಹಾಕುವ ಬಣ್ಣದ ಪುಡಿ, ಟರ್ಪೆಂಟೈನ್ ಬೇಕಾಗುವ ಶಾಯಿ ಯಾವುದೂ ಬೇಡ. ಕೈಗೆ ಅಂಟಿದ ಎಣ್ಣೆಯ ಕ್ಲೇ ಬಿಡಿಸಲು ಸೀಮೆಎಣ್ಣೆ ಹಚ್ಚುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಾಲ್ಕು ಹನಿ ತೆಂಗಿನೆಣ್ಣೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಸಾಬೂನಿನಲ್ಲಿ ತೊಳೆದರೆ ಸ್ವಚ್ಛವಾಗಿ ಹೋಗುತ್ತದೆ.

ತೊಳೆಯುವಾಗ

ಬಣ್ಣದ ಸ್ಪಂಜನ್ನು ಬಾವಿಕಟ್ಟೆಯ ಮೇಲೋ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ಮದಕ ಎಂಬ ಹೊಂಡದಲ್ಲೋ ತೊಳೆಯಬೇಡಿ, ಅದು ಕುಡಿಯುವ ನೀರು. ಬಕೆಟಿನಲ್ಲಿ ತೊಳೆದು, ಆ ನೀರನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೆ ಮಣ್ಣು, ಹಿಟ್ಟು ತಳಕ್ಕೆ ಇಳಿಯುತ್ತವೆ. ಮೇಲಿನ ನೀರನ್ನು ಬಾವಿಯಿಂದ ದೂರ ಚೆಲ್ಲಿ, ತಳದ ಕೆಸರನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಎಣ್ಣೆಯ ಕ್ಲೇಯ ಅಚ್ಚನ್ನು ತೊಳೆಯುವ ಅಗತ್ಯವಿಲ್ಲ. ಒದ್ದೆ ಬಟ್ಟೆಯಿಂದ ಬಣ್ಣ ಒರೆಸಿ, ಒಣಗಿಸಿ, ಬಣ್ಣಬಣ್ಣದವುಗಳನ್ನು ಬೆರೆಸದೆ ಮುಚ್ಚಳದ ಡಬ್ಬದಲ್ಲಿ ಇರುವೆ ತಲುಪದ ಕಡೆ ಇಡಿ. 1, 2, 3 ಎಂದು ಬರೆದ ಆ ಮೊದಲ ಮೂರು ಅಚ್ಚುಗಳನ್ನು ಮಗುವಿನ ಹೆಸರು ಮತ್ತು ತಾರೀಕಿನ ಜೊತೆ ಎತ್ತಿಡಿ. ಮುಂದಿನ ಸಲ ಕುಳಿತಾಗ ಮೊದಲು ಅವನ್ನೇ ತೆಗೆದು ನೋಡಬೇಕು.